ಮೇಜಿನ ಮೇಲೊಂದು ಬೆರಳು

ಬಾವಿ ದಾಟಿದರೆ ಮನೆ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆ ರಾತ್ರಿ ಅಲ್ಲಿಗೆ ಬರೋ ಹೊತ್ತಿಗೆ ಏದುಸಿರು ಬಿಡ್ತಿದ್ದ. ಯಾರದೋ ಮನೇಲಿ ಊಟ ಮುಗಿಸಿ, ಅಕ್ಕ ಬೇಡ ಅಂದು ಕಳಿಸಿದ್ದರೂ ಲೋಟಗಟ್ಟಲೆ ಜ್ಯೂಸು ಇಳಿಸಿ ಬಂದಿದ್ದ. ಕಿಡ್ನಿ ಎರಡೂ ಕೈಕೊಟ್ಟಿವೆ. ಕುಡಿದ ನೀರು ಹೊರಗೆ ಹೋಗೋ ದಾರಿಯೇ ಇಲ್ಲ, ಡಯಾಲಿಸಿಸ್ ಮಷೀನೇ ಎಳೆದು ಹಾಕಬೇಕು. ಅಂಥವನು ಜ್ಯೂಸು ಕುಡೀತಾನೆ. ತಲೇಲಿ ಮಣ್ಣಿದ್ದಿದ್ದರೆ ಹುಲ್ಲಾದರೂ ಬೆಳೀತಿತ್ತು, ಅದೂ ಇಲ್ಲ.

ಟೈಲರ್ ಅವನು. ಊರವರ ಅಳತೆಯೆಲ್ಲ ಸರಿಯಾಗಿ ತೆಗೀತಾನೆ, ತನ್ನದು ಮಾತ್ರ ಕಳ್ಳ ಅಳತೆ. ಆಸ್ಪತ್ರೇಲಿ ಡಯಾಲಿಸಿಸ್ ಮಷೀನಿಗೆ ಹಾಕೋ ಮುಂಚೆ ತೂಕ ನೋಡ್ತಾರೆ. ಎಷ್ಟು ಹೆಚ್ಚಿದೆಯೋ ಅಷ್ಟು ನೀರು ತೆಗೀತಾರೆ. ಹೆಚ್ಚಿದ್ದರೆ ನರ್ಸ್ ಬೈತಾಳೆ, ತೆಗೆಯುವಾಗ ಕಾಲು ಸೆಳೆಯುತ್ತೆ. ಅದಕ್ಕೆ ಈ ಮಹಾನುಭಾವ ಒಂದು ಉಪಾಯ ಹುಡುಕಿದ್ದ. ತೂಕಕ್ಕೆ ನಿಂತಾಗ, ಯಾರಿಗೂ ಕಾಣದ ಹಾಗೆ ಪಕ್ಕದ ಮೇಜಿನ ಮೇಲೆ ಬೆರಳೂರಿ ಒತ್ತೋದು. ತೂಕ ಕಮ್ಮಿ ತೋರಿಸುತ್ತೆ. ನೀರು ಒಳಗೇ ಉಳಿಯುತ್ತೆ. ಉಳಿದ ನೀರಿನ ಭಾರವೆಲ್ಲ ಹಾರ್ಟಿನ ಮೇಲೆ, ಇಲ್ಲಿಗೆ ಬರೋರು ಎಷ್ಟೋ ಜನ ಹೋಗೋದು ಹಾರ್ಟಿಂದಲೇ ಅಂತ ಟೆಕ್ನಿಷಿಯನ್ ಹೇಳಿ ಹೇಳಿ ಸಾಕಾಗಿದ್ದ. ಕೆಟ್ಟಿರೋದು ಕಿಡ್ನಿ, ಹಾರ್ಟಿಗೇನು ಧಾಡಿ ಅಂತ ಇವನು ಹಲ್ಲು ಕಿರಿಯೋನು.

ತಾನು ಕೆಟ್ಟಿದ್ದು ಸಾಲದು ಅಂತ ಪಕ್ಕದ ಹಾಸಿಗೆಯ ಡ್ರಾಯಿಂಗ್ ಮಾಸ್ತರಿಗೂ ಕಲಿಸಿದ. ಪಾಪ ಅನ್ನೋಣ ಅಂದರೆ ಅವರೂ ಸಾಚಾ ಏನಲ್ಲ, ಖುಷಿಯಾಗೇ ಕಲಿತರು. ಒಂದು ಭಾನುವಾರ ಬೆಳಗ್ಗೆ ಮಾಸ್ತರ ಎದೆಬಡಿತ ನಿಂತೇಹೋಯ್ತು. ಹೂಳಿ ಬಂದ ದಿನ ಭಾವ ಅಂದ ಮಾತು ಕೇಳಿ: "ಮಾಸ್ತರದು ಮೊದಲೇ ಪುಕ್ಕಲು ಹಾರ್ಟು."

ಸರಿ... ಆ ರಾತ್ರಿ, ಬಾವಿ ಹತ್ರ.

ಗೊಳ್... ಗೊಳ್... ಗೊಳ್...

ಬಾಟಲಿಯಿಂದ ನೀರು ಬಗ್ಗಿಸಿದ ಹಾಗೆ. ಪಂಪು ಇರಬೇಕು ಅಂದುಕೊಂಡ. ಆ ಬಾವಿಗೆ ಪಂಪೇ ಇಲ್ಲ. ಸದ್ದು ಕಟ್ಟೆ ಮೇಲಿಂದ ಬರ್ತಿತ್ತು. ಅಲ್ಲಿ ಯಾರೋ ಕೂತಿದ್ದರು... ಸದ್ದು ಅವರ ಎದೆಯದು.

"ಯಾರು?"

"ನಾನಪ್ಪ..." ಪಿಸುದನಿ. ಮಾಸ್ತರದು.

ಭಾವನ ಬಾಯಿ ಒಣಗಿತು. ಅಷ್ಟು ಜ್ಯೂಸು ಕುಡಿದ ಬಾಯಿ.

"ನೀವು... ಇಲ್ಲಿ ಯಾಕೆ?"

"ಮಲಗಿಸಿಬಿಟ್ಟರಲ್ಲಪ್ಪ ನನ್ನ... ಮಲಗಿದರೆ ಉಸಿರು ಕಟ್ಟುತ್ತೆ. ಅದಕ್ಕೇ ಎದ್ದು ಕೂತಿದೀನಿ." ಮಾಸ್ತರು ಸ್ವಲ್ಪ ಸರಿದು ಜಾಗ ಮಾಡಿದರು. "ಬಾ... ನೀನೂ ಕೂರು."

ಭಾವ ಒಂದು ಹೆಜ್ಜೆ ಹಿಂದೆ ಸರಿದ. ಕಣ್ಣು ಮಿಟುಕಿಸಿ ನೋಡಿದ... ಕಟ್ಟೆ ಖಾಲಿ. ಸದ್ದು ಮಾತ್ರ ನಿಂತಿರಲಿಲ್ಲ. ಗೊಳ್... ಗೊಳ್... ಆಮೇಲೆ ಗೊತ್ತಾಯ್ತು, ಅದು ಅವನದೇ ಎದೆ.

ಮನೆ ಕಡೆ ಹೋಗಲಿಲ್ಲ. ದಾರೀಲಿ ಕೈ ಅಡ್ಡ ಹಿಡಿದು ಯಾರದೋ ಗಾಡಿ ನಿಲ್ಲಿಸಿ ಆಸ್ಪತ್ರೆ ಸೇರಿದ. ಮಲಗಿ ಅಂದರೆ ಮಲಗಲಿಲ್ಲ, ಕೂತೇ ಇದ್ದ. ಬೆರಳಿನ ವಿಷಯ ಬಾಯಿಬಿಟ್ಟ. ಈ ಭಾರ ಹೊತ್ತು ಹಾರ್ಟು ಸೋತಿದೆ, ಒಂದೇ ಸಲ ಎಳೆದರೂ ತಡೆಯಲ್ಲ ಅಂತ ಬೆಳಗಾಗೋ ತನಕ ನಿಧಾನವಾಗಿ ನೀರು ತೆಗೆದರು. ಉಳಿದ. ಯೋಗ್ಯತೆ ನೋಡಿ ಉಳಿಸೋದಾಗಿದ್ದರೆ ಉಳೀತಿರಲಿಲ್ಲ. ದೇವರು ನಮ್ಮಕ್ಕನ ಮುಖ ನೋಡಿರಬೇಕು.

ಈಗ ಎರಡೂ ಕೈ ಕಟ್ಟಿಕೊಂಡು ತೂಕಕ್ಕೆ ನಿಲ್ತಾನೆ. ಸರಿಯಾದ ತೂಕ ಬರುತ್ತೆ. ಇಳೀತಾನೆ... ತೂಕದ ಮಷೀನು ಸೊನ್ನೆಗೆ ಹೋಗಲ್ಲ. ಎರಡು ಕೇಜಿ ಚಿಲ್ಲರೆ ತೋರಿಸ್ತಾ ನಿಂತಿರುತ್ತೆ. ಬೇರೆ ಯಾರು ಇಳಿದರೂ ಹೀಗಾಗಲ್ಲ. ಹೊಸ ಮಷೀನು ತಂದರು, ಅದೂ ಹಾಗೇ. ಟೆಕ್ನಿಷಿಯನ್ ಈಗ ರಿಪೇರಿಗೆ ಕೊಡೋದೇ ಬಿಟ್ಟಿದಾನೆ, ಸೊನ್ನೆ ಆಗೋ ತನಕ ಸುಮ್ಮನೆ ಕಾಯ್ತಾನೆ.

ನಗಬೇಡಿ. ಭಾವ ಹೇಳಿದ್ದರೆ ನಾನೂ ನಂಬ್ತಿರಲಿಲ್ಲ, ಅವನ ಮಾತಿಗೆ ಯಾವ ಬೆಲೆ. ಹೋದ ವಾರ ಜೊತೆಗೆ ಹೋಗಿದ್ದೆ. ಪಕ್ಕದಲ್ಲೇ ನಿಂತಿದ್ದೆ. ಭಾವ ಇಳಿದು ಆಚೆ ಹೋಗಿ ಕೂತ. ಮಷೀನಲ್ಲಿ ಎರಡು ಕೇಜಿ ಚಿಲ್ಲರೆ ಹಾಗೇ ಇತ್ತು. ಸ್ವಲ್ಪ ಹೊತ್ತಾಯ್ತು... ನಾನು ನೋಡ್ತಿದ್ದ ಹಾಗೇ, ಮೇಜಿಗೆ ಬೆರಳೂರಿ ನಿಂತಿದ್ದ ಯಾರೋ ಇಳಿದರೇನೋ ಅನ್ನೋ ಥರ, ಅದು ಸೊನ್ನೆ ಆಯ್ತು.