ಕಿಟಕಿಗೆ ಬಿಟ್ಟ ಕೊಂಬೆ

ಸಂಜೆ ಐದಕ್ಕೆ ಶುರುವಾದ ಮಳೆ ನಮ್ಮನ್ನೆಲ್ಲ ನರ್ಸರಿಯ ಸಾಮಾನು ಕೋಣೆಯಲ್ಲಿ ಕೂಡಿಹಾಕಿತ್ತು. ಗೊಬ್ಬರದ ಚೀಲಗಳ ಮೇಲೆ ಇಬ್ಬರು ಮಾಲಿಗಳು, ಕವುಚಿಟ್ಟ ಕುಂಡದ ಮೇಲೆ ನಾನು, ಬಾಗಿಲ ಬಳಿ ಕಸಿ ಕಟ್ಟುವ ಹೆಂಗಸು. ಇದ್ದ ಒಂದೇ ಕುರ್ಚಿ ಅಜ್ಜನಿಗೆ. ಕೊಂಬೆ ಕಡಿದು ಮರ ಸವರುವ ಕೆಲಸದಲ್ಲೇ ಐವತ್ತು ವರ್ಷ ಕಳೆದವರು. ಈಗ ಏಣಿ ಹತ್ತುವುದಿಲ್ಲ, ಕೆಳಗೆ ನಿಂತು ಹತ್ತಿದವರನ್ನು ಬೈಯುತ್ತಾರೆ. ಕರೆಂಟು ಹೋಯಿತು. "ಅಜ್ಜ, ಮರದಲ್ಲಿ ದೆವ್ವ ಇರುತ್ತೆ ಅಂತಾರಲ್ಲ, ಇಷ್ಟು ವರ್ಷ ಹತ್ತಿ ಇಳಿದಿದ್ದೀರಿ, ಒಂದಾದ್ರೂ ಸಿಕ್ತಾ?" ಎಂದು ಕಸಿ ಕಟ್ಟುವವಳು ನಗುತ್ತ ಕೇಳಿದಳು. ಅಜ್ಜ ನಗಲಿಲ್ಲ. ಚಹಾದ ಲೋಟವನ್ನು ನೆಲಕ್ಕಿಟ್ಟು, ಮಳೆಗಿಂತ ತುಸು ಮೇಲೆ ದನಿಯೆತ್ತಿ ಹೇಳತೊಡಗಿದರು.

"ಸಿಕ್ತು ಅನ್ನಲಾ, ಸಿಗಲಿಲ್ಲ ಅನ್ನಲಾ... ಕೇಳಿ, ನೀವೇ ಹೇಳಿ. ನನಗೊಬ್ಬ ಅಣ್ಣ ಇದ್ದ. ನನಗೆ ಕತ್ತಿ ಹಿಡಿಯೋದು ಕಲಿಸಿದವನು ಅವನೇ. ಎಡಚ. ಅವನು ಕಡಿದ ಕೊಂಬೆ ದೂರದಿಂದಲೇ ಗೊತ್ತಾಗೋದು, ಗಾಯ ಎಡಕ್ಕೆ ಇಳಿಜಾರು, ಬೆಣ್ಣೆ ಕೊಯ್ದಷ್ಟು ನುಣುಪು. ನಾನು ಮೋಟು ಬಿಟ್ಟು ಕಡಿದ್ರೆ, 'ಇದೇನೋ, ಅಂಗಿ ನೇತುಹಾಕೋಕೆ ಗೂಟ ಬಿಟ್ಟಿದ್ದೀಯಾ' ಅಂತ ಹತ್ತು ಜನರ ಮುಂದೆ ನನ್ನ ಮಾನ ಕಳೆಯೋನು.

"ಅವನ ಮನೆ ಒಂದು ಓಣಿಯಲ್ಲಿ, ಮಹಡಿ ಮೇಲೆ ಒಂದೇ ಕೋಣೆ. ಅತ್ತಿಗೆ ಬಟ್ಟೆ ಹೊಲಿಯೋರು, ಮೆಷಿನ್ ಕಿಟಕಿ ಪಕ್ಕದಲ್ಲಿ. ಕಿಟಕಿ ಎದುರಿಗೆ ಗೋಳಿ ಮರ... ಆಲದ ಜಾತಿ, ನಿಮಗೆ ಗೊತ್ತಲ್ಲ, ವರ್ಷಪೂರ್ತಿ ಹಸಿರು, ಎಲೆ ಉದುರಿ ಬೋಳಾಗೋ ಮಾತೇ ಇಲ್ಲ, ಒಂದು ಕಡಿದ್ರೆ ನಾಲ್ಕು ಚಿಗುರುತ್ತೆ, ಗಾಯದಿಂದ ಬಿಳಿ ಹಾಲು ಸುರಿದು ಕೈಗೆ ಅಂಟಿದ್ರೆ ಎರಡು ದಿನ ಹೋಗಲ್ಲ. ಸವರದೇ ಬಿಟ್ರೆ ಕೋಣೆ ಹಗಲಲ್ಲೇ ಕತ್ತಲು. ಅದಕ್ಕೆ ಅಣ್ಣ ಊಟಕ್ಕೆ ಬಂದಾಗೆಲ್ಲ ಮರ ಹತ್ತಿ, ಹೆಂಡತಿ ಮೆಷಿನ್ ಮೇಲೆ ಬಿಸಿಲು ಬೀಳೋ ಹಾಗೆ ಒಂದೊಂದೇ ಕೊಂಬೆ ತೆಗೆಯೋನು. ಅಲ್ಲೇ ಕೂತು, 'ಸೂಜಿ ಕಣ್ಣು ಕಾಣುತ್ತೇನೇ?' ಅಂತ ಕೇಳೋನು. ಕಾಣ್ತಿದ್ರೂ ಅತ್ತಿಗೆ, 'ಇಲ್ಲ, ಇನ್ನೂ ಸ್ವಲ್ಪ' ಅನ್ನೋರು. ಯಾಕೆ ಅಂತ ಬಿಡಿಸಿ ಹೇಳಬೇಕಾ?

"ಒಂದು ಮಳೆಗಾಲ ಅಣ್ಣನಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದ. ಹತ್ತನೇ ದಿನ ಅವನಿಲ್ಲ.

"ಆಮೇಲೆ ಎರಡು ವರ್ಷ ಅತ್ತಿಗೆ ಆ ಮರ ಮುಟ್ಟೋಕೆ ಯಾರನ್ನೂ ಬಿಡಲಿಲ್ಲ, ಹಗಲಲ್ಲೇ ದೀಪ ಹಾಕಿಕೊಂಡು ಹೊಲಿದ್ರು. ಕೊಂಬೆ ಹೋಗಿ ಕರೆಂಟು ತಂತಿಗೆ ತಗುಲಿತು. ಎಂಟು ದಿನದಲ್ಲಿ ಸವರಿಸದಿದ್ರೆ ಬುಡಕ್ಕೇ ಗರಗಸ ಹಾಕ್ತೀವಿ ಅಂತ ಕರೆಂಟು ಕಚೇರಿಯವರು ಹೇಳಿಹೋದ್ರು. ನಾನು ಹಗ್ಗ, ಕತ್ತಿ ತಗೊಂಡು ಹೋದೆ. ಅತ್ತಿಗೆ ಬಾಗಿಲಲ್ಲೇ ತಡೆದ್ರು. 'ಹತ್ತಬೇಡಪ್ಪ. ನಿಮ್ಮಣ್ಣ ಬರ್ತಿದ್ದಾರೆ. ಮಧ್ಯಾಹ್ನ ಮೇಲೆಲ್ಲೋ ಎಲೆ ಅಲ್ಲಾಡುತ್ತೆ, ಕತ್ತಿ ಸದ್ದು ಕೇಳುತ್ತೆ. ಕಿಟಕಿ ಹತ್ರ ಮಾತ್ರ ಬರಲ್ಲ.'

"ಪಾಪ, ದುಃಖಕ್ಕೆ ಹೀಗಾಗಿದೆ ಅಂದ್ಕೊಂಡು, ಸಮಾಧಾನ ಹೇಳಿ ಹತ್ತಿದೆ. ತಂತಿ ಕಡೆಯ ಐದಾರು ಕೊಂಬೆ ಕಡಿಯೋಷ್ಟರಲ್ಲಿ ಕೈ ಸೋತು, ಗೇಣುದ್ದ ಮೋಟು ಬಿಟ್ಟು ಇಳಿದೆ. ಮರುದಿನ ಹತ್ತಿ ನೋಡ್ತೀನಿ... ನನ್ನ ಮೋಟು ಒಂದೂ ಇಲ್ಲ. ಎಲ್ಲ ನುಣ್ಣಗೆ ಕಡಿದಿದೆ. ಎಡಕ್ಕೆ ಇಳಿಜಾರು. ಹಾಲು ಇನ್ನೂ ತೊಟ್ಟಿಕ್ತಿದೆ.

"ನಾನು ಹೆದರಬೇಕಿತ್ತು, ಅಲ್ವಾ? ಕೊಂಬೆ ತಬ್ಬಿಕೊಂಡು ಅತ್ತುಬಿಟ್ಟೆ. ಎರಡು ವರ್ಷದಿಂದ ನನ್ನನ್ನ ಯಾರೂ ಬೈದಿರಲಿಲ್ಲ.

"ಇಳಿದು ಬಂದು ಹೇಳಿದೆ. ಅತ್ತಿಗೆ ಮೆಷಿನ್ ನಿಲ್ಲಿಸಿ ಕಿಟಕಿ ಹತ್ರ ಬಂದ್ರು. ಆಮೇಲೆ, 'ಅರ್ಧ ಬಿಟ್ಟ ಕೆಲಸ ಕಂಡ್ರೆ ಅವರಿಗೆ ತಡೆಯಲ್ಲ. ನೀನು ಮರ ಪೂರ್ತಿ ಸವರಿಬಿಡು. ಈ ಕಿಟಕಿ ಮುಂದಿನ ಕೊಂಬೆ ಒಂದು ಬಿಡು' ಅಂದ್ರು. 'ಅದೂ ಮುಗಿದ ಮೇಲೆ ಅವನು ಬರೋದೇ ನಿಂತುಹೋದ್ರೆ, ಅತ್ತಿಗೆ?' ಅಂದೆ. 'ಒಂದು ಸಲ ಹತ್ರ ಬರಲಿ, ಸಾಕು' ಅಂದ್ರು.

"ಮೂರು ದಿನ ಹಿಡೀತು. ನಾಲ್ಕನೇ ದಿನ ಮಧ್ಯಾಹ್ನ ಇಬ್ಬರೂ ಕಿಟಕಿ ತೆರೆದು ಕೂತ್ವಿ. ಗಾಳಿ ಇಲ್ಲ. ಆ ಕೊಂಬೆ ಮಾತ್ರ, ಯಾರೋ ಭಾರ ಹಾಕಿ ಕೂತ ಹಾಗೆ, ನಿಧಾನ ಬಗ್ಗಿತು. ಕತ್ತಿ ಸದ್ದು... ಒಂದು ರೆಂಬೆ ಬಿತ್ತು, ಇನ್ನೊಂದು ಬಿತ್ತು, ಮೆಷಿನ್ ಮೇಲೆ ಬಿಸಿಲು ಬಂತು. ಸದ್ದು ನಿಂತಿತು. ನನಗೆ ಏನೂ ಕೇಳಿಸಲಿಲ್ಲ, ಆಣೆ ಮಾಡಿ ಹೇಳ್ತೀನಿ. ಆದ್ರೆ ಅತ್ತಿಗೆಗೆ ಕೇಳಿಸಿತು. 'ಇಲ್ಲ... ಇನ್ನೂ ಸ್ವಲ್ಪ' ಅಂದ್ರು. ಹಾಗಂದು ಕೈ ಹೊರಗೆ ಚಾಚಿದ್ರು. ಒಳಗೆ ತಗೊಂಡಾಗ ಮಣಿಕಟ್ಟಿನ ಸುತ್ತ ಬಿಳಿ ಹಾಲು, ಐದು ಬೆರಳಿನ ಗುರುತು. ಆ ಕೈ ಅವರು ಎರಡು ದಿನ ನೀರಿಗೆ ಹಿಡಿಯಲಿಲ್ಲ.

"ಬರೋದು ನಿಲ್ಲಲಿಲ್ಲ. ಗೋಳಿ ಅಲ್ವಾ, ಚಿಗುರುತ್ತಲ್ಲ... ಹನ್ನೊಂದು ವರ್ಷ, ಪ್ರತಿ ವರ್ಷ ನಾನು ಎಲ್ಲ ಸವರಿ ಕಿಟಕಿ ಮುಂದೆ ಒಂದು ಬಿಡ್ತಿದ್ದೆ. ಆಮೇಲೆ ಅತ್ತಿಗೆಯೂ ತೀರಿಹೋದ್ರು. ಕೋಣೆಗೆ ಬೀಗ ಬಿತ್ತು. ನನಗೂ ಮಂಡಿ ಹೋಯ್ತು, ಏಣಿ ಬಿಟ್ಟೆ. ಈಗ ನಾನಿರೋದು ಅದೇ ಓಣಿಯಲ್ಲಿ, ಮರದ ಆಚೆ ಬದಿಯ ಮನೆ. ನಾನು ಏಣಿ ಬಿಟ್ಟ ಮೇಲೆ ಆ ಬದಿ ಯಾರೂ ಸವರಿದ್ದಿಲ್ಲ, ನನ್ನ ಕೋಣೆಗೆ ಬೆಳಕೇ ಇರಲಿಲ್ಲ.

"ಹೋದ ತಿಂಗಳಿಂದ ಬೆಳಿಗ್ಗೆ ಎದ್ದು ನೋಡಿದ್ರೆ ಬಾಗಿಲ ಮುಂದೆ ರೆಂಬೆ ಬಿದ್ದಿರುತ್ತೆ. ದಪ್ಪದ್ದು ಯಾರ ಕೈಯದು ಅಂತ ಹೇಳಬೇಕಾಗಿಲ್ಲ. ಜೊತೆಗೆ ಸಣ್ಣ ಕಡ್ಡಿಗಳು, ಬಟ್ಟೆ ಕತ್ತರಿಸೋ ಕತ್ತರಿಯಲ್ಲಿ ಕಚ್ಚಿ ಕಚ್ಚಿ ತೆಗೆದಿರೋದು... ಈಗ ತಾನೇ ಕಲೀತಿರೋರ ಕೆಲಸ.

"ನಿನ್ನೆ ಮಧ್ಯಾಹ್ನ, ಆ ಮನೆಗೆ ಬಂದ ಮೇಲೆ ಮೊದಲನೇ ಸಲ, ನನ್ನ ಹಾಸಿಗೆ ಮೇಲೆ ಬಿಸಿಲು ಬಿತ್ತು. ಇವತ್ತು ಬರುವಾಗ ಕಿಟಕಿಯ ಅಗುಳಿ ತೆಗೆದಿಟ್ಟೇ ಬಂದಿದ್ದೀನಿ."