ಸುಸ್ತಾಗದ ಹುಡುಗಿ

...ಅಯ್ಯೋ ಬೇಡ ಬೇಡ, ಈಗಲೇ ಅದರ ಹತ್ತಿರ ಹೋಗ್ಬೇಡಿ ಕಂಡಕ್ಟರ್ರೇ! ಮೈಕ್ರೋಸ್ಕೋಪು ಎಲ್ಲಿಗೂ ಓಡಿಹೋಗಲ್ಲ. ಮೊದಲು ಕೂತ್ಕೊಳ್ಳಿ. ಲಿಫ್ಟು ಕೆಟ್ಟಿದೆ, ಅಷ್ಟೂ ಮಹಡಿ ಹತ್ತಿ ಬಂದಿದೀರಿ, ಉಸಿರು ನೋಡಿ ಹೇಗೆ ಬಿಡ್ತಿದೀರಿ! ಬೆವರು ಒರೆಸ್ಕೊಳ್ಳಿ. ಅದಲ್ಲ ಅದಲ್ಲ, ಅದು ಲೆನ್ಸ್ ಒರೆಸೋ ಕಾಗದ. ಇಗೊಳ್ಳಿ, ಇದರಲ್ಲಿ.

ಶರ್ಟು ಹೊಸದಾ? ಚೆನ್ನಾಗಿದೆ. ಮಗಳ ಹುಟ್ಟಿದ ದಿನ ಅಂದ್ರೆ ನೀವು ಮದುವೆ ಗಂಡಿನ ಥರ ಬರೋದೇ. ನಗಿ ನಗಿ. ಗೇಟಿನವನು ಏನಂದ? 'ಮಗಳನ್ನ ನೋಡೋಕೆ ಬಂದ್ರಾ' ಅಂದಿರಬೇಕು. ಅವನು ಈ ಕಟ್ಟಡದಲ್ಲಿ ಯಾರನ್ನ ಬೇಕಾದ್ರೂ ತಡೀತಾನೆ, ನಿಮ್ಮನ್ನ ಮಾತ್ರ ತಡೆಯಲ್ಲ. ಡೈರೆಕ್ಟರನ್ನೇ ಒಂದು ಸಲ ಹೊರಗೆ ನಿಲ್ಲಿಸಿದ್ದ, ಗೊತ್ತಾ... ಗುರುತಿನ ಚೀಟಿ ಎಲ್ಲಿ ಅಂತ...

ಏನು? ಹೂಂ, ನೋಡೋಣ, ನೋಡೋಣ. ಅದರ ಬಲ್ಬು ಸ್ವಲ್ಪ ಕೈ ಕೊಟ್ಟಿದೆ, ಅದಕ್ಕೇ ಸ್ವಲ್ಪ ತಡ ಆಗುತ್ತೆ.

...ಹೌದು. ಉರೀತಿದೆ. ಈಗ ಉರೀತಿದೆ. ಬೆಳಿಗ್ಗೆ ಉರೀತಿರಲಿಲ್ಲ.

ಹಾಗೆಲ್ಲ ನೋಡ್ಬೇಡಿ ನನ್ನ. ಕಾಫಿ ತರಿಸ್ಲಾ? ಬೇಡ್ವಾ? ಸರಿ.

ಹೋದ ಸಲ ನೀವು ಲೆನ್ಸಿಗೆ ಕಣ್ಣಿಟ್ಟು ಹೇಳಿದ್ದು ನೆನಪಿದೆಯಾ? 'ಸೀಟಿ, ನಿನ್ನ ತಮ್ಮನಿಗೆ ಮದುವೆ ಆಯ್ತು ಕಣೇ, ಹುಡುಗಿ ನಿನ್ನ ಥರಾನೇ ಬಾಯಿಬಡುಕಿ' ಅಂತ. ನಾನು ಆ ಕಡೆ ತಿರುಗಿ ಬಾಟಲಿ ಜೋಡಿಸೋ ಥರ ನಾಟಕ ಮಾಡ್ತಿದ್ದೆ. ಎಲ್ಲಾ ಕೇಳಿಸ್ತು. ಒಬ್ಬ ಅಪ್ಪ ಗಾಜಿನ ತಟ್ಟೆಯಲ್ಲಿರೋ ಜೀವಕೋಶಕ್ಕೆ ಮನೆ ಸುದ್ದಿ ಹೇಳ್ತಾನೆ ಅಂದ್ರೆ... ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ಇಂಥದ್ದು ಯಾವ ಪುಸ್ತಕದಲ್ಲೂ ಓದಿಲ್ಲ ನಾನು.

ಈ ಕೆಲಸ! ಸೇರಿದಾಗ ನಮ್ಮ ಗುರುಗಳು ನನ್ನ ಕೈಗೆ ಏನು ಕೊಟ್ರು ಹೇಳಿ ನೋಡೋಣ. ಸೀಸೆ. ತೊಳೆಯೋಕೆ! ಅದೂ ಒಂದು ದಿನ ಎರಡು ದಿನ ಅಲ್ಲ. ನಮ್ಮಮ್ಮ ತಲೆ ಚಚ್ಕೊಂಡ್ಲು, ಇಷ್ಟೆಲ್ಲ ಓದಿ ಪಾತ್ರೆ ತೊಳೆಯೋಕೆ ಹೋಗ್ತಿದೀಯಾ, ಮನೇಲೇ ಬೇಕಾದಷ್ಟಿತ್ತಲ್ಲೇ ಅಂತ. ಆಮೇಲೆ ಉಣಿಸೋಕೆ ಬಿಟ್ರು. ಜೀವಕೋಶ ಅಂದ್ರೆ ಕೈಗೂಸು ಕಂಡಕ್ಟರ್ರೇ. ಭಾನುವಾರ ಅನ್ನಲ್ಲ, ನೆಂಟರು ಬಂದಿದಾರೆ ಅನ್ನಲ್ಲ. ಹೊತ್ತಿಗೆ ಸರಿಯಾಗಿ ಹಳೇ ನೀರು ತೆಗೆದು ಹೊಸದು ಹಾಕ್ಬೇಕು, ಬೆಚ್ಚಗಿಡಬೇಕು, ಎದುರಿಗೆ ನಿಂತು ಕೆಮ್ಮಬಾರದು. ನಮ್ಮ ಯಜಮಾನರು ಹೇಳ್ತಿದ್ರು, ನಿನಗೆ ಮನೇಲೊಂದು ಸಂಸಾರ, ಸೀಸೆಯೊಳಗೊಂದು ಸಂಸಾರ, ಎರಡನೆಯದರ ಮೇಲೇ ಪ್ರೀತಿ ಜಾಸ್ತಿ ಅಂತ. ತಮಾಷೆಗೇ ಹೇಳ್ತಿದ್ದದ್ದು. ಮೊದಮೊದಲು ತಮಾಷೆಗೆ.

ಆಮೇಲೆ ಈ ಬ್ಯಾಂಕು. ಮೊದಲ ದಿನ ನೀವು ಕೇಳಿದ್ರಲ್ಲ, ಚೆಕ್‌ಬುಕ್ ಯಾವಾಗ ಕೊಡ್ತೀರಿ ಅಂತ! ಆಸ್ಪತ್ರೆ ವರಾಂಡದಲ್ಲಿ ನಿಂತಿದ್ರಿ, ಮಗಳು ಒಳಗೆ ಮಲಗಿದ್ಲು, ಆದ್ರೂ ಜೋಕು ಬಿಡಲಿಲ್ಲ ನೀವು. ನಾನು ವಿವರಿಸಿದೆ, ಇಲ್ಲಿ ಕಾಯಿಲೆಯವರ ಚರ್ಮದ ಚೂರು, ರಕ್ತ ಎಲ್ಲ ಇಟ್ಕೋತೀವಿ, ಮುಂದೆ ಯಾವತ್ತೋ ಯಾರಿಗೋ ಔಷಧಿ ಹುಡುಕೋಕೆ ಬೇಕಾಗುತ್ತೆ ಅಂತ. ನೀವು ಕೇಳಿದ್ದು ಒಂದೇ. 'ಇವಳಿಗೆ?' ಇವಳಿಗೆ ಆಗಲ್ಲ, ಹೊತ್ತು ಮೀರಿದೆ ಅಂದೆ. ಸುಳ್ಳು ಹೇಳಲಿಲ್ಲ. ಅವತ್ತು ಹೇಳಲಿಲ್ಲ.

ಅವಳು ಎಂಥ ಗಟ್ಟಿ ಹುಡುಗಿ! ಕಾಲಲ್ಲಿ ಶಕ್ತಿ ಇಲ್ಲ, ಕೈ ಎತ್ತೋಕಾಗಲ್ಲ, ಸ್ನಾಯು ಎಲ್ಲ ಸೊರಗಿಹೋಗಿದೆ, ಆದ್ರೂ ಬಾಯಲ್ಲಿ ನಿಮ್ಮ ಬಸ್ಸಿನ ಸೀಟಿ ಇಟ್ಕೊಂಡು ವಾರ್ಡಿಗೆ ವಾರ್ಡೇ ಎದ್ದು ಕೂರೋ ಹಾಗೆ ಊದೋಳು, ಅದಕ್ಕೇ ಅವಳಿಗೆ ಆ ಹೆಸರು. ನರ್ಸುಗಳು ಕಿತ್ಕೊಳ್ಳೋರು, ನೀವು ಇನ್ನೊಂದು ತಂದ್ಕೊಡೋರು. ತೋಳಿಂದ ಎಳ್ಳಿನಷ್ಟು ಚರ್ಮ ತೆಗೆದೆ. ಕಮಕ್ ಕಿಮಕ್ ಅನ್ನಲಿಲ್ಲ. 'ಡಾಕ್ಟ್ರಮ್ಮ, ಅದು ನನಗಿಂತ ಮುಂಚೆ ದೊಡ್ಡದಾಗುತ್ತಾ?' ಅಂತ ಕೇಳಿದ್ಲು.

...ಕನ್ನಡಕ ಹಾಕ್ಕೊಳ್ಳಿ. ಒರೆಸಿದ್ದು ಸಾಕು.

ಬೆಳೀತು. ಅವಳು ಹೋದ ಮೇಲೂ ಹೇಗೆ ಬೆಳೀತು ಅಂತೀರಿ! ಚರ್ಮದ ಜೀವಕೋಶ ಇರುತ್ತಲ್ಲ, ಅದು ಒಂದಷ್ಟು ಸಲ ಎರಡಾಗುತ್ತೆ, ನಾಲ್ಕಾಗುತ್ತೆ, ಆಮೇಲೆ ಸುಸ್ತಾಗುತ್ತೆ. ವಯಸ್ಸಾದವರ ಥರ. ಅಗಲ ಆಗಿ, ಮಂಕಾಗಿ, ಸುಮ್ಮನೆ ಕೂರುತ್ತೆ. ಎಲ್ಲರದೂ ಅಷ್ಟೇ, ನಿಮ್ಮದೂ ನನ್ನದೂ. ಸೀಟಿಯದು ಸುಸ್ತಾಗಲೇ ಇಲ್ಲ. ನೀವು ಎದೆ ಉಬ್ಬಿಸಿ ಹೇಳಿದ್ರಿ, 'ನನ್ನ ಮಗಳು ಹಠಮಾರಿ ಡಾಕ್ಟ್ರಮ್ಮ, ಹೇಳಿರಲಿಲ್ವಾ?' ನಾನೂ ಕುಣಿದಾಡಿದೆ. ಈ ಕಾಯಿಲೆಯಲ್ಲೇ ಏನೋ ಇದೆ, ಸ್ನಾಯುವನ್ನ ಕೊಲ್ಲೋ ಕಾಯಿಲೆ ಚರ್ಮಕ್ಕೆ ಸಾವೇ ಇಲ್ಲದ ಹಾಗೆ ಮಾಡಿದೆ ಅಂದ್ಕೊಂಡೆ. ಅದನ್ನೇ ಬರೆದೆ. ಅದರಿಂದಲೇ ಈ ಕೋಣೆ ಸಿಕ್ತು, ಆ ಕುರ್ಚಿ ಸಿಕ್ತು, ಊರೂರಿಗೆ ಕರೆದು ಮಾತಾಡಿಸಿದ್ರು. ಎಲ್ಲಿ ಹೋದ್ರೂ ಅದನ್ನೇ ಹೇಳೋಳು ನಾನು, ಸುಸ್ತಾಗದ ಹುಡುಗಿ, ಸುಸ್ತಾಗದ ಹುಡುಗಿ...

ಕೂತ್ಕೊಳ್ಳಿ! ಯಾಕೆ ಎದ್ರಿ? ಕೂತ್ಕೊಳ್ಳಿ ಅಂದೆ.

...ಕ್ಷಮಿಸಿ. ನಿಮ್ಮ ಮೇಲೆ ಕೂಗಿದ್ದಲ್ಲ.

ನೋಡಿ, ಆಗಲ್ಲ ನನಗೆ. ಬೆಳಿಗ್ಗೆಯಿಂದ ಹೇಗೆ ಹೇಳೋದು ಅಂತ ಬಾಯಿಪಾಠ ಮಾಡ್ತಿದೀನಿ. ಇನ್ನೊಂದು ಊರಿನ ಬ್ಯಾಂಕಿಗೆ ಸೀಟಿಯ ಜೀವಕೋಶ ಕಳಿಸಿದ್ದೆ. ಅಲ್ಲಿಯ ಮೇಡಮ್ಮು ಫೋನ್ ಮಾಡಿದ್ರು. ಪಾಪ, ತುಂಬಾ ಮರ್ಯಾದಸ್ಥೆ. ಹವಾ ಹೇಗಿದೆ, ಆರೋಗ್ಯ ಹೇಗಿದೆ ಅಂತೆಲ್ಲ ಕೇಳಿ ಆಮೇಲೆ ಮೆಲ್ಲಗೆ ಅಂದ್ರು, ನೀವು ಕಳಿಸಿದ್ದು ಚರ್ಮ ಅಲ್ಲವಲ್ಲ ಮೇಡಂ ಅಂತ. ಹೋದ ಸಲ ನಿಮ್ಮ ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿದ್ದೆನಲ್ಲ, ದಾಖಲೆಗೆ ಅಂತ? ಎರಡರ ಡಿಎನ್‌ಎ ಜೊತೆಗಿಟ್ಟು ನೋಡಿದೆ. ಅಪ್ಪ ಮಗಳು ಅಂದ ಮೇಲೆ ಅರ್ಧಕ್ಕರ್ಧ ಹೊಂದಬೇಕು. ಏನೇನೂ ಹೊಂದಲಿಲ್ಲ.

...ಯಾಕೆ ಹಾಗೆ ಬಿಳಿಚ್ಕೊಂಡ್ರಿ? ಛೇ! ಛೇ ಛೇ ಛೇ, ಅದಲ್ಲ! ನಿಮ್ಮ ಮನೆಯವರ ವಿಷಯ ಅಲ್ಲಪ್ಪಾ! ಸೀಟಿ ನಿಮ್ಮ ಮಗಳೇ, ಆ ಮೂಗು ನೋಡಿದ್ರೆ ಸಾಲದಾ? ಈ ತಟ್ಟೆಯಲ್ಲಿ ಇರೋದು... ಅದು ಸೀಟಿ ಅಲ್ಲ. ಅಷ್ಟೇ ನಾನು ಹೇಳ್ತಿರೋದು. ಸೀಟಿ ಅಲ್ಲ.

ಪಕ್ಕದ ಬೆಂಚಿನಲ್ಲಿ ಇನ್ನೊಂದು ಥರದ ಜೀವಕೋಶ ಸಾಕ್ತಿದ್ವಿ. ಯಾರದೋ ಗಡ್ಡೆಯಿಂದ ಬಂದದ್ದು, ತುಂಬಾ ಹಳೇದು. ಕಳೆ ಇದ್ದ ಹಾಗೆ ಅದು, ಕಿತ್ತಷ್ಟೂ ಬರುತ್ತೆ. ಒಂದೇ ಬಾಟಲಿಯಿಂದ ಮೊದಲು ಅದಕ್ಕೆ ಉಣಿಸಿ ಆಮೇಲೆ ಸೀಟಿಯದಕ್ಕೂ ಉಣಿಸಿದ್ದಾರೆ ಯಾರೋ. ಒಂದು ಹನಿ ಸಾಕು. ಅದು ಒಳಗೆ ಸೇರಿ, ದಿನಾ ದಿನಾ ಬೆಳೆದು, ಪಾಪ ಸೀಟಿಯದನ್ನ ಮೂಲೆಗೆ ತಳ್ಳಿ... ಯಾರ ಕೈ, ಯಾವತ್ತು, ಗೊತ್ತಿಲ್ಲ. ನನ್ನದೇ ಇರಬಹುದು. ಸುಸ್ತಾಗಲಿಲ್ಲ ಅಂದಾಗಲೇ ಅನುಮಾನ ಬರಬೇಕಿತ್ತು ಕಂಡಕ್ಟರ್ರೇ! ಈ ಕೆಲಸ ಕಲಿಯೋಕೆ ಬಂದ ಯಾರನ್ನ ಕೇಳಿದ್ರೂ ಅದನ್ನೇ ಹೇಳ್ತಾರೆ, ಸುಸ್ತಾಗದಿದ್ರೆ ಮೊದಲು ಬೆರಕೆ ಆಗಿದೆಯಾ ನೋಡಿ ಅಂತ. ನಾನೇ ಕಲಿಸಿದ್ದು ಅವರಿಗೆ! ಇದೊಂದರಲ್ಲಿ ನೋಡಲಿಲ್ಲ. ಯಾಕೆ ಅಂದ್ರೆ... ನೀವು ಪ್ರತಿ ವರ್ಷ ಇಸ್ತ್ರಿ ಶರ್ಟು ಹಾಕ್ಕೊಂಡು ಬರೋರು.

ಏನಾದ್ರೂ ಅನ್ನಿ.

ಇಷ್ಟು ವರ್ಷ ನೀವು ಯಾರ ಹತ್ತಿರ ಮಾತಾಡಿದ್ರೋ... ಗೊತ್ತು, ಗೊತ್ತು, ಅದನ್ನ ನಾನು ಹೇಳಬಾರದಿತ್ತು. ಕೂತ್ಕೊಳ್ಳಿ.

ಆದ್ರೆ ಕೇಳಿ, ಒಂದು ಒಳ್ಳೇ ಮಾತಿದೆ. ಕೇಳಿ. ಮೊದಲನೇ ವಾರವೇ ಒಂದೇ ಒಂದು ಸಣ್ಣ ಸೀಸೆಯಷ್ಟು ಹೆಪ್ಪುಗಟ್ಟಿಸಿ ಇಟ್ಟಿದ್ದೆ. ಬೆರಕೆ ಆಗೋಕೆ ಮುಂಚೆ. ಅದು ಅವಳದೇ, ಅಪ್ಪಟ ಅವಳದೇ. ಪಕ್ಕದ ಕೋಣೆಯ ಟ್ಯಾಂಕಿನಲ್ಲಿದೆ, ಆ ಚಳಿಯಲ್ಲಿ ಎಷ್ಟು ಕಾಲ ಬೇಕಾದ್ರೂ ಇರುತ್ತೆ. ಹಾಯಾಗಿದಾಳೆ. ತಟ್ಟೆಯಲ್ಲಿ ನೋಡೋಕಾಗಲ್ಲ ಅಷ್ಟೇ. ಅದನ್ನ ಹೊರಗೆ ತೆಗೀಬಾರದು, ತೆಗೆದ್ರೆ ಉಳಿಯುತ್ತೆ ಅಂತ ಹೇಳೋಕಾಗಲ್ಲ. ಇದೆ ಅಂತ ತಿಳ್ಕೊಂಡಿದ್ರೆ ಸಾಲದಾ? ಮನುಷ್ಯನಿಗೆ ಅಷ್ಟು ಸಾಕು ಅಲ್ವಾ?

ಎಲ್ಲಿಗೆ? ಕಂಡಕ್ಟರ್ರೇ... ಆ ಬಾಗಿಲು... ಸರಿ, ಬನ್ನಿ. ನಿಲ್ಲಿ, ನಾನೂ ಬರ್ತೀನಿ, ನೆಲ ಜಾರುತ್ತೆ ಇಲ್ಲಿ.

ಇದೇ. ಹಾಲಿನ ಕ್ಯಾನನ್ನ ಯಾರೋ ಊದಿ ದೊಡ್ಡದು ಮಾಡಿದ ಹಾಗಿದೆ, ಅಲ್ವಾ? ಹಿಂದೆ ನಿಂತ್ಕೊಳ್ಳಿ, ಮುಚ್ಚಳ ತೆಗೀತೀನಿ. ಹೊಗೆ ಬರುತ್ತೆ, ಹೆದರ್ಬೇಡಿ, ಬರೀ ತಣ್ಣಗಿನ ಆವಿ ಅದು. ನೋಡಿ... ಕಾಣ್ಸಲ್ಲ ಏನೂ, ಮಂಜು ಕೂತಿರುತ್ತೆ. ಕೆಳಗೆ, ಆ ಕಂಬಿ ಇದೆಯಲ್ಲ, ಅದರ ತುದಿಗೆ, ಒಂದು ಡಬ್ಬಿ, ಡಬ್ಬಿಯೊಳಗೆ... ಅಲ್ಲೇ. ಹೂಂ, ಅಲ್ಲೇ.

ನನ್ನ ಮುಖ ಯಾಕೆ ನೋಡ್ತೀರಿ? ಟ್ಯಾಂಕು ಆ ಕಡೆ ಇದೆ.

ಯಾವುದು ಅಂತ ಕೇಳಲ್ವಾ? ಎಷ್ಟು ಮಾತಿನ ಮನುಷ್ಯ ನೀವು! ಬಾಯಿಗೆ ಬೀಗ ಹಾಕ್ಕೊಂಡ ಹಾಗೆ ನಿಂತ್ರೆ ನಾನು ಏನಂತ ತಿಳ್ಕೊಳ್ಲಿ? ಕೇಳಿ. ಯಾವ ಡಬ್ಬಿ, ಯಾವ ಸಾಲು, ತೋರಿಸು ಅಂತ ಕೇಳಿ. ತೋರಿಸಲ್ಲ ಅಂತ ನಾನೊಂದು ಮಾತು ಹೇಳ್ತೀನಿ, ನೀವು ಬೈತೀರಿ, ಮುಗಿಯುತ್ತೆ... ನೀವೇ ಹೇಳ್ತಿದ್ರಲ್ಲ, ಟಿಕೆಟ್ ತಗೊಳ್ಳದವರನ್ನ ಹಿಡಿಯೋಕೆ ಜೇಬು ನೋಡ್ಬೇಕಾಗಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತ್ರೆ ಸಾಕು, ಅವರೇ ಮಾತಾಡೋಕೆ ಶುರು ಮಾಡ್ತಾರೆ ಅಂತ...

...

ಹೂಂ. ತೆಗೆದೆ.

ಆ ಸೀಸೆಯನ್ನ, ಫೋನ್ ಇಟ್ಟ ಮಾರನೇ ದಿನವೇ. ಹೇಗಾದ್ರೂ ಅವಳನ್ನ ಮತ್ತೆ ಬೆಳೆಸಿಬಿಟ್ರೆ ನಿಮಗೆ ಗೊತ್ತೇ ಆಗಲ್ಲ ಅಂದ್ಕೊಂಡೆ. ಯಾರನ್ನೂ ಮುಟ್ಟೋಕೆ ಬಿಡಲಿಲ್ಲ, ನಾನೇ ಕೈಯಲ್ಲಿ ಹಿಡಿದು ಕರಗಿಸಿದೆ. ಜೀವ ಇದ್ರೆ ತಟ್ಟೆಗೆ ಅಂಟಿಕೊಳ್ಳುತ್ತೆ. ಕಾದೆ. ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಒಂದೂ ಅಂಟಲಿಲ್ಲ ಕಂಡಕ್ಟರ್ರೇ. ಎಲ್ಲಾ ದುಂಡಗೆ ತೇಲ್ತಿತ್ತು.

ಬೈಯ್ರಿ. ಏನಾದ್ರೂ ಅನ್ನಿ. ಬಸ್ಸಿನಲ್ಲಿ ಅಂತಿದ್ರಲ್ಲ, ಹಾಗೆ ಕತ್ತು ಹಿಡಿದು ಕೆಳಗೆ ಇಳಿಸಿ ನನ್ನ.

ಏನ್ ಮಾಡ್ತಿದೀರಿ? ಬಿಡಿ ಆ ಮುಚ್ಚಳ, ಕೈ ಸುಡುತ್ತೆ ಚಳಿಗೆ, ನಾನು ಹಾಕ್ತೀನಿ... ಬಿಡಿ ಅಂದ್ರೆ...

ಅಷ್ಟು ಮೆಲ್ಲಗೆ ಮುಚ್ಚಬೇಡಿ ಕಂಡಕ್ಟರ್ರೇ. ಒಳಗೆ ಅವಳು ಮಲಗಿಲ್ಲ.