ಬಾಟಲಿ ಹೆಕ್ಕುವ ದೋಣಿ

ಎರಡು ಸಾವಿರದ ಎಂಟು. ಮಲಯಾಳ ಸೀಮೆಯ ವಿಲ್ಲಿಂಗ್ಡನ್ ಐಲ್ಯಾಂಡಿನ ಜೆಟ್ಟಿಯಿಂದ ಇಬ್ಬರು ರಾತ್ರಿ ನಡೆದು ಬರ್ತಾ ಇದ್ದರು. ಒಬ್ಬಳು ನಮ್ಮ ಚಿಕ್ಕಪ್ಪನ ಮಗಳು ನಿಶ್ಮಿತಾ. ಇನ್ನೊಬ್ಬ ಅವಳ ಜೊತೆಯ ಇಂಜಿನಿಯರ್, ಉಪ್ಪಳದ ಇಸ್ಮಾಯಿಲ್. ಅವರು ಮಾಡಿದ ಸಣ್ಣ ದೋಣಿ, ಆಳಿಲ್ಲದೆ ತಾನೇ ಹೋಗಿ ಕಡಲಿನ ಪ್ಲಾಸ್ಟಿಕ್ ಹೆಕ್ಕಿ ತರುವಂಥದ್ದು, ಸಂಜೆ ಹೋದದ್ದು ವಾಪಸು ಬಂದಿರಲಿಲ್ಲ. ಮರುದಿನವೇ ಅದನ್ನು ಬಂದರಿನ ದೊಡ್ಡವರಿಗೆ ತೋರಿಸಬೇಕು. ಇಲ್ಲದಿದ್ದರೆ ಇಬ್ಬರ ಕೆಲಸವೂ ಹೋದ ಹಾಗೆ.

ಆಲದ ಮರ ದಾಟುವಾಗ ಹಿಂದಿನಿಂದ ಗುಂಯ್ಯ್... ಅಂತ ಕೇಳಿತು.

"ನಮ್ಮದೇ ಮೋಟಾರು," ನಿಶ್ಮಿತಾ ಪಿಸುಗುಟ್ಟಿದಳು.

ಓಡಿದರು. ದೋಣಿ ಜೆಟ್ಟಿಯ ಕಲ್ಲಿಗೆ ಬಡಿಯುತ್ತಿತ್ತು. ಟಕ್... ಟಕ್... ಬುಟ್ಟಿಯೊಳಗೆ ಬಾಟಲಿಗಳು. ಆದರೆ ಬಿಡಿಬಿಡಿ ಅಲ್ಲ. ಯಾರದೋ ಮುಂಡು ಪಂಚೆ ಹರಿದು, ಸಾಲಾಗಿ, ಬಿಗಿಯಾಗಿ ಕಟ್ಟಿದ್ದು.

"ಯಾರು ಕಟ್ಟಿದ್ದು ಇದು?"

"ತೇಲಲಿಕ್ಕೆ," ಇಸ್ಮಾಯಿಲ್ ಅಂದ. "ಈಜು ಬಾರದವರು... ಹಿಡ್ಕೊಳ್ಳಲಿಕ್ಕೆ."

ಆಗ ಜೆಟ್ಟಿಯ ಅಡಿಯಿಂದ ಉಸಿರು ಕೇಳಿತು. ಹ್ಹ... ಹ್ಹ... ನಡುವೆ ಗಳಕ್ ಅಂತ, ನೀರು ಕುಡಿದ ಹಾಗೆ. ಟಾರ್ಚಿನ ಬೆಳಕು ಬಿಟ್ಟರು. ಬರೀ ನೀರು. ಇಸ್ಮಾಯಿಲ್ ಬೋರಲು ಮಲಗಿ ಕೈ ಚಾಚಿದ.

"ಕೈ ಕೊಡಿ... ಹಿಡ್ಕೊಳ್ಳಿ..."

ಯಾರೂ ಹಿಡಿಯಲಿಲ್ಲ. ಉಸಿರು ಮಾತ್ರ ಅವನ ಬೆರಳಿನ ಹತ್ತಿರವೇ.

"ಅದನ್ನು ಕೊಟ್ಟುಬಿಡು," ಅಂದ ಅವನು, ತಿರುಗದೆ.

ನಿಶ್ಮಿತಾ ಬಾಟಲಿಗಳ ಸಾಲನ್ನು ನೀರಿಗೆ ಎಸೆದಳು. ಪಚಕ್. ತೇಲಿತು. ಸ್ವಲ್ಪ ಹೊತ್ತಿಗೆ ಅದರ ನಡು ತಗ್ಗಿತು... ಯಾರೋ ಎದೆಯೂರಿದ ಹಾಗೆ. ಆಮೇಲೆ ಇಳಿತದ ನೀರಿಗೆ ಎದುರಾಗಿ, ಮೆಲ್ಲ ಮೆಲ್ಲ, ಕತ್ತಲೆಗೆ ಹೋಯಿತು. ಉಸಿರೂ ಅದರ ಸಂಗಡವೇ ದೂರವಾಯಿತು.

ಮರುದಿನ ಅವಳಿಗೆ ಧೈರ್ಯಕ್ಕೆ ಅಂತ ನಾನೂ ಹೋಗಿದ್ದೆ. ದೊಡ್ಡವರ ಎದುರು ದೋಣಿ ಚೆನ್ನಾಗಿಯೇ ಹೆಕ್ಕಿತು. ಸ್ವಲ್ಪ ದೂರ ಹೋದದ್ದು ಒಮ್ಮೆಲೇ ನಿಂತಿತು. ಪೀಂ... ಅಂತ ಹಾರ್ನ್.

"ಎಂದಾ ಪಟ್ಟಿಯೆ?" ಅವರಲ್ಲಿ ಒಬ್ಬರು ಏನಾಯಿತೆಂದು ಕೇಳಿದರು.

ಇಸ್ಮಾಯಿಲ್‌ನ ಕಣ್ಣು ನೀರಿನ ಮೇಲೆಯೇ ಇತ್ತು. ನೀರಲ್ಲಿ ಮನುಷ್ಯರು ಕಂಡರೆ ದೋಣಿ ನಿಂತು ಹಾರ್ನ್ ಹೊಡೆಯುವ ಹಾಗೆ ಮಾಡಿದ್ದೇವೆ ಅಂತ ಮಲಯಾಳದಲ್ಲಿ ಹೇಳಿದ. ಅವರಿಗೆ ಅದು ಬಹಳ ಹಿಡಿಸಿತು. ಒಪ್ಪಿಗೆಯೂ ಸಿಕ್ಕಿತು.

ನಿಶ್ಮಿತಾ ನನ್ನ ಕೈ ಬಿಡಲೇ ಇಲ್ಲ.

ದೋಣಿಯ ಎದುರು ಒಂದು ಎಲೆಯೂ ಇರಲಿಲ್ಲ. ಅದು ಇನ್ನೊಮ್ಮೆ ಹಾರ್ನ್ ಹೊಡೆಯಿತು, ಕಾದಿತು, ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಸುತ್ತಿಕೊಂಡು ಹೋಯಿತು. ನೆತ್ತಿಯ ಮೇಲೆ ಬಿಸಿಲಿತ್ತು. ನನ್ನ ಕಣ್ಣು ಸರಿ ಉಂಟು.